ಬೆಲ್‌ಫಾಸ್ಟ್‌ನ ತೂಫಾನ್: ಅಲೆಕ್ಸ್ ಹಿಗ್ಗಿನ್ಸ್

ಈ ಸಲದ ಸಂಚಿಕೆಗೆ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವನ ಪರಿಚಯ ಬರೆದುಕೊಡಿ ಎಂದು ಕನ್ನಡ ಮೇಡಂ ಹೇಳಿದಾಗ ನಮ್ಮ ತರಗತಿಯಲ್ಲಿ ಐದು ಜನ ಅಬ್ದುಲ್ ಕಲಾಂ ಅವರ ಹೆಸರು ಕೊಟ್ಟರು, ಇಬ್ಬರು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಕೊಟ್ಟರು. ನಾನು ಅಲೆಕ್ಸ್ ಹಿಗ್ಗಿನ್ಸ್ ಎಂದು ಬರೆದುಕೊಟ್ಟೆ. ಮೇಡಂ ಯಾರಪ್ಪಾ ಇವನು ಎಂದು ಕೇಳಿದರು. ಸ್ನೂಕರ್ ಆಟಗಾರ ಎಂದೆ. ತರಗತಿ ಗೊಳ್ಳೆಂದು ನಕ್ಕಿತು, ಏಕೆಂದರೆ ನನಗೂ ಸ್ನೂಕರ್‌ಗೂ ಇರುವ ಸಂಬಂಧ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗಾಗಿ ಮೊದಲು ಅದನ್ನೇ ಹೇಳುತ್ತೇನೆ. ಇದನ್ನು ಅಬ್ಬಾ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಮ್ಮದು ಗಾದಿ ಹೊಲಿಯುವ ಮನೆ. ಅಬ್ಬಾ ಅಂಗಡಿಯಲ್ಲಿ ಹತ್ತಿ ಹಿಂಜಿ ಹಾಸಿಗೆ, ದಿಂಬು ಮಾಡಿಕೊಡುತ್ತಾರೆ. ಉದ್ರಿ ವಸೂಲಿಗೆ ಸಂಜೆ ನಾನು ಸೈಕಲ್ ಮೇಲೆ ಹೋಗುತ್ತೇನೆ. ಮನೆಯಲ್ಲಿ ಎಲ್ಲರೂ ಕೇರಂ ಚೆನ್ನಾಗಿ ಆಡುತ್ತೇವೆ, ನಾನು ಉಳಿದವರಿಗಿಂತ ತುಸು ಹೆಚ್ಚೇ ಚೆನ್ನಾಗಿ ಆಡುತ್ತೇನೆ. ಅದೇ ಧೈರ್ಯದಲ್ಲಿ ಕಳೆದ ವರ್ಷ ಒಂದು ಸ್ನೂಕರ್ ಪಾರ್ಲರ್‌ಗೆ ಹೋದೆ. ಅಲ್ಲಿನ ಪದ್ಧತಿ ಏನೆಂದರೆ ಸೋತವನು ಟೇಬಲ್ ಬಾಡಿಗೆ ಕೊಡಬೇಕು. ಗಂಟೆಗೆ 120 ರೂಪಾಯಿ. ನಾನು ತರಗತಿ ತಪ್ಪಿಸಿ ಹದಿಮೂರು ಮಧ್ಯಾಹ್ನ ಸೋತೆ. ಒಟ್ಟು 1,560 ರೂಪಾಯಿ. ಆ ಹಣ ಅಬ್ಬಾ ಅವರ ಉದ್ರಿ ವಸೂಲಿಯದು. ಹಾಜರಾತಿ ಕಡಿಮೆ ಎಂದು ಕಾಲೇಜಿನಿಂದ ಮನೆಗೆ ಫೋನ್ ಹೋದಾಗ ಎರಡೂ ಒಟ್ಟಿಗೆ ಬಯಲಾದವು. ಅಬ್ಬಾ ಅಂಗಿಯ ಮೇಲೆ ಹತ್ತಿಯ ಎಳೆ ಅಂಟಿಸಿಕೊಂಡೇ ಪ್ರಾಂಶುಪಾಲರ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ದಿನಗಳಲ್ಲಿ ನನ್ನ ಮೊಬೈಲಿನಲ್ಲಿ ಹಿಗ್ಗಿನ್ಸ್‌ನ ಹಳೆಯ ಆಟಗಳು ತುಂಬಿದ್ದವು. ನಾನೂ ಅವನ ಹಾಗೆಯೇ, ಯಾರೂ ಕಲಿಸದೆ ಬಂದವನು, ಕೈಚಳಕ ಹುಟ್ಟಿನಿಂದಲೇ ಇದೆ ಎಂದು ನಂಬಿಕೊಂಡಿದ್ದೆ. ಅವನ ಬಾಲ್ಯ ಮತ್ತು ಆರಂಭದ ವರ್ಷಗಳ ಬಗ್ಗೆ ಓದಿದ ಮೇಲೆ ನನ್ನ ಲೆಕ್ಕ ಎಲ್ಲಿ ತಪ್ಪಿತು ಎಂದು ತಿಳಿಯಿತು. ಅದಕ್ಕಾಗಿ ಈ ಲೇಖನ. ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ಕ್ಷಮಿಸಿ. ಈ ಕಥೆ ಆರಂಭವಾಗುವಾಗ ಅವನು ನನಗಿಂತ ಚಿಕ್ಕವನು.

ಮೊದಲು ಆಟದ ಬಗ್ಗೆ ಎರಡು ಮಾತು. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಹಸಿರು ಬಟ್ಟೆ ಹೊದಿಸಿದ ಮೇಜು, ಆರು ಜೇಬು, ಇಪ್ಪತ್ತೆರಡು ಚೆಂಡು. ಹದಿನೈದು ಕೆಂಪು ಚೆಂಡುಗಳಿಗೆ ತಲಾ ಒಂದು ಅಂಕ. ಹಳದಿ, ಹಸಿರು, ಕಂದು, ನೀಲಿ, ಗುಲಾಬಿ, ಕಪ್ಪು ಚೆಂಡುಗಳಿಗೆ ಎರಡರಿಂದ ಏಳರವರೆಗೆ ಅಂಕ. ಉಳಿದದ್ದು ನಾವು ಕೋಲಿನಿಂದ ಹೊಡೆಯುವ ಬಿಳಿ ಚೆಂಡು. ಒಂದು ಕೆಂಪು, ನಂತರ ಒಂದು ಬಣ್ಣ, ಮತ್ತೆ ಕೆಂಪು, ಹೀಗೆ ಸಾಗಬೇಕು. ತಪ್ಪದೆ ಸತತವಾಗಿ ಗಳಿಸಿದ ಅಂಕಗಳಿಗೆ ಬ್ರೇಕ್ ಎನ್ನುತ್ತಾರೆ. ಒಂದು ಸುತ್ತಿನ ಆಟಕ್ಕೆ ಫ್ರೇಮ್ ಎಂದು ಹೆಸರು. ಚೆಂಡನ್ನು ಜೇಬಿಗೆ ಹಾಕುವುದು ಅರ್ಧ ಆಟ ಮಾತ್ರ. ಹಾಕಿದ ಮೇಲೆ ಬಿಳಿ ಚೆಂಡು ಮುಂದಿನ ಹೊಡೆತಕ್ಕೆ ಅನುಕೂಲವಾದ ಜಾಗದಲ್ಲಿ ಬಂದು ನಿಲ್ಲಬೇಕು. ಅದು ಉಳಿದರ್ಧ. ಹದಿಮೂರು ಮಧ್ಯಾಹ್ನಗಳಲ್ಲಿ ನನಗೆ ಈ ಉಳಿದರ್ಧ ಇದೆ ಎಂಬುದೇ ಗೊತ್ತಿರಲಿಲ್ಲ.

ಈ ಆಟ ಹುಟ್ಟಿದ್ದು ನಮ್ಮ ದೇಶದಲ್ಲಿ. 1875ರಲ್ಲಿ ಜಬಲ್‌ಪುರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಆಡಿದ ಹೊಸ ಆಟ ಇದು. ಅದರ ನಿಯಮಗಳು ಒಂದು ರೂಪಕ್ಕೆ ಬಂದದ್ದು ನಮ್ಮ ಬಂಡೀಪುರದ ದಾರಿಯಲ್ಲಿ ಮೇಲೆ ಹತ್ತಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ. ಭಾರತದಲ್ಲಿ ಅಧಿಕಾರಿಗಳ ಕ್ಲಬ್ಬುಗಳಲ್ಲಿ ಬೆಳೆದ ಆಟ ಬ್ರಿಟನ್ ಮತ್ತು ಐರ್ಲೆಂಡ್‌ಗೆ ಹೋದ ಮೇಲೆ ಕಾರ್ಮಿಕರ ಬೀದಿಗಳಿಗೂ ಇಳಿಯಿತು. ಅಲೆಕ್ಸ್‌ನ ಕೈಗೆ ಅದು ಸಿಕ್ಕಿದ್ದು ಅಂಥ ಒಂದು ಬೀದಿಯಲ್ಲಿ.

ಅಲೆಕ್ಸಾಂಡರ್ ಗಾರ್ಡನ್ ಹಿಗ್ಗಿನ್ಸ್ 1949ರ ಮಾರ್ಚ್ 18ರಂದು ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ. ಬೆಲ್‌ಫಾಸ್ಟ್ ಐರ್ಲೆಂಡ್ ದ್ವೀಪದ ಉತ್ತರ ಭಾಗದಲ್ಲಿದೆ. ಆ ಭಾಗ ಬ್ರಿಟನ್‌ಗೆ ಸೇರಿದೆ. ಟೈಟಾನಿಕ್ ಹಡಗು ಕಟ್ಟಿದ ಊರು ಅದೇ. ತಂದೆ ರೈಲ್ವೆಯಲ್ಲಿ ಕೂಲಿ ಕೆಲಸಗಾರರು, ತಾಯಿ ಸ್ವಚ್ಛತೆಯ ಕೆಲಸ ಮಾಡುತ್ತಿದ್ದರು. ಮೂವರು ಹೆಣ್ಣುಮಕ್ಕಳ ನಡುವೆ ಇವನೊಬ್ಬನೇ ಗಂಡುಮಗ. ಮನೆಯ ಹತ್ತಿರ ಜ್ಯಾಮ್‌ಪಾಟ್ ಎಂಬ ಒಂದು ಸ್ನೂಕರ್ ಹಾಲ್ ಇತ್ತು. ಸುಮಾರು ಹನ್ನೊಂದನೇ ವಯಸ್ಸಿಗೆ ಅವನು ಅದರ ಬಾಗಿಲು ದಾಟಿದ. ಅಲ್ಲಿ ತರಬೇತುದಾರ ಇರಲಿಲ್ಲ. ಸಣ್ಣ ಪುಟ್ಟ ಪಣ ಕಟ್ಟಿ ಆಡುವ ದೊಡ್ಡವರು ಇದ್ದರು. ಅವರ ಆಟ ನೋಡಿ, ಅವರ ಎದುರು ಆಡಿ, ಸೋತು ಕಲಿತ.

ಹಾಗೆ ಆಡಿದ್ದರಿಂದಲೇ ಅವನ ಆಟದ ರೀತಿ ಬೇರೆಯಾಯಿತು ಎಂದು ನನಗನಿಸುತ್ತದೆ. ಹೊಡೆಯುವಾಗ ತಲೆ ಅಲ್ಲಾಡಬಾರದು, ದೇಹ ಕಲ್ಲಿನಂತೆ ನಿಲ್ಲಬೇಕು ಎಂಬುದು ಈ ಆಟದ ಮೊದಲ ಪಾಠ. ಅಲೆಕ್ಸ್ ಹೊಡೆಯುವ ಕ್ಷಣದಲ್ಲೇ ಮೈ ಎತ್ತಿ ಎದ್ದು ನಿಲ್ಲುತ್ತಿದ್ದ. ಉಳಿದವರು ಮೇಜಿನ ಸುತ್ತ ನಿಧಾನ ನಡೆದು, ಯೋಚಿಸಿ, ಬಗ್ಗುತ್ತಿದ್ದರು. ಇವನು ಒಂದು ಚೆಂಡು ಜೇಬಿಗೆ ಬೀಳುವ ಮೊದಲೇ ಮುಂದಿನ ಚೆಂಡಿನ ಕಡೆ ಹೆಜ್ಜೆ ಹಾಕಿರುತ್ತಿದ್ದ. ಹರಿಕೇನ್ ಎಂಬ ಅಡ್ಡಹೆಸರು ಅವನಿಗೆ ಬಂದದ್ದು ಹೀಗೆ. ಕನ್ನಡದಲ್ಲಿ ಚಂಡಮಾರುತ. ನಮ್ಮ ಮನೆಯಲ್ಲಿ ನಾವು ತೂಫಾನ್ ಎನ್ನುತ್ತೇವೆ.

ಆದರೆ ಹದಿನಾಲ್ಕನೇ ವಯಸ್ಸಿನಲ್ಲಿ ಅವನ ಕನಸು ಸ್ನೂಕರ್ ಆಗಿರಲಿಲ್ಲ, ಕುದುರೆ ಸವಾರಿ. ಆಗ ಅವನ ತೂಕ ಸುಮಾರು 48 ಕಿಲೋ. ರೇಸಿನ ಕುದುರೆ ಓಡಿಸುವ ಜಾಕಿಗಳು ಹಗುರಾಗಿರಬೇಕು. ಅವನು ಮನೆ ಬಿಟ್ಟು, ಸಮುದ್ರ ದಾಟಿ, ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿ ಎಡ್ಡಿ ರೀವಿ ಎಂಬವರ ಕುದುರೆ ಲಾಯಕ್ಕೆ ಸೇರಿದ. ಲಾಯ ಗುಡಿಸುವುದು, ಕುದುರೆಗಳನ್ನು ನೋಡಿಕೊಳ್ಳುವುದು ಕೆಲಸ. ಬೆಳೆಯುವ ವಯಸ್ಸು, ತೂಕ ಏರಿತು. ಒಂದೇ ಒಂದು ರೇಸ್‌ನಲ್ಲೂ ಅವನು ಕುದುರೆ ಏರಲಿಲ್ಲ. ಕೊನೆಗೆ ಬೆಲ್‌ಫಾಸ್ಟ್‌ಗೆ ಮರಳಿದ. ಹದಿನೇಳರ ಒಳಗೇ ಒಂದು ಸೋಲನ್ನು ಪೂರ್ತಿಯಾಗಿ ಅನುಭವಿಸಿ ಬಂದ ಹುಡುಗ ಅವನು. ಇದು ನನ್ನ ಮೊಬೈಲಿನ ಯಾವ ವಿಡಿಯೋದಲ್ಲೂ ಇರಲಿಲ್ಲ.

ಮರಳಿದ ಮೇಲೆ ಅವನು ಮತ್ತೆ ಸ್ನೂಕರ್ ಹಾಲ್‌ಗಳಿಗೆ ಹೋದ. ಈ ಸಲ ಆಟ ಗಟ್ಟಿಯಾಯಿತು. 1968ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಉತ್ತರ ಐರ್ಲೆಂಡ್‌ನ ಹವ್ಯಾಸಿ ಪಟ್ಟವನ್ನೂ ಅಖಿಲ ಐರ್ಲೆಂಡ್ ಹವ್ಯಾಸಿ ಪಟ್ಟವನ್ನೂ ಒಂದೇ ವರ್ಷ ಗೆದ್ದ. ನಂತರ ಇಂಗ್ಲೆಂಡಿನ ಲ್ಯಾಂಕಶೈರ್ ಪ್ರದೇಶಕ್ಕೆ ಹೋದ. ಹತ್ತಿ ಗಿರಣಿಗಳ ಆ ಊರುಗಳಲ್ಲಿ ಕಾರ್ಮಿಕರ ಕ್ಲಬ್ಬುಗಳಿದ್ದವು, ಪ್ರತಿ ಕ್ಲಬ್ಬಿನಲ್ಲೂ ಸ್ನೂಕರ್ ಮೇಜು ಇತ್ತು. ಅಲ್ಲಿ ಪ್ರದರ್ಶನ ಪಂದ್ಯ ಆಡಿ ಹೊಟ್ಟೆ ಹೊರೆದ. ಬ್ಲ್ಯಾಕ್‌ಬರ್ನ್ ಎಂಬ ಊರಿನಲ್ಲಿ ಕೆಡವಲು ಗುರುತಾಗಿದ್ದ ಮನೆಗಳ ಸಾಲೊಂದರಲ್ಲಿ, ಒಂದು ಮನೆ ಕೆಡವಿದಾಗ ಪಕ್ಕದ ಮನೆಗೆ ಹೋಗುತ್ತಾ ಇದ್ದೆ ಎಂದು ಅವನೇ ಮುಂದೆ ಹೇಳಿಕೊಂಡಿದ್ದ.

ಆಗ ವೃತ್ತಿಪರ ಸ್ನೂಕರ್ ಎಂದರೆ ದೊಡ್ಡ ಸಂಗತಿಯೇನಲ್ಲ. 1958ರಿಂದ 1963ರವರೆಗೆ ವಿಶ್ವ ಚಾಂಪಿಯನ್‌ಶಿಪ್ ನಡೆದೇ ಇರಲಿಲ್ಲ. ಬೆರಳೆಣಿಕೆಯ ವೃತ್ತಿಪರರು, ಹೆಚ್ಚಿನವರು ಮಧ್ಯವಯಸ್ಸಿನವರು, ತಮ್ಮ ತಮ್ಮಲ್ಲೇ ಆಡುತ್ತಿದ್ದರು. 1969ರಲ್ಲಿ ಬಿಬಿಸಿ ಬಣ್ಣದ ಟಿವಿಗೆ ತಕ್ಕ ಆಟವೆಂದು ಪಾಟ್ ಬ್ಲ್ಯಾಕ್ ಎಂಬ ಸ್ನೂಕರ್ ಕಾರ್ಯಕ್ರಮ ಶುರುಮಾಡಿದ ಮೇಲೆ ಜನ ತಿರುಗಿ ನೋಡಿದರು. ಅಂಥ ಹೊತ್ತಿನಲ್ಲಿ, 1971ರಲ್ಲಿ, ಅಲೆಕ್ಸ್ ವೃತ್ತಿಪರನಾದ. ಮೊದಲ ಪ್ರಯತ್ನದಲ್ಲೇ 1972ರ ವಿಶ್ವ ಚಾಂಪಿಯನ್‌ಶಿಪ್‌ಗೆ ಹೆಸರು ಕೊಟ್ಟ. ಹೊಸಬನಾದ್ದರಿಂದ ಅರ್ಹತಾ ಸುತ್ತಿನಿಂದಲೇ ಆರಂಭಿಸಬೇಕಿತ್ತು.

ವಾಣಿಜ್ಯ ವಿದ್ಯಾರ್ಥಿಯಾದ ನಾನು ಆ ಪಂದ್ಯಗಳನ್ನು ನೋಟ್ ಪುಸ್ತಕದಲ್ಲಿ ಅಂಕಣ ಹಾಕಿ ಬರೆದುಕೊಂಡೆ. ಅರ್ಹತಾ ಸುತ್ತಿನಲ್ಲಿ ರೊನಾಲ್ಡ್ ಗ್ರಾಸ್ ವಿರುದ್ಧ 15–6, ಮಾರಿಸ್ ಪಾರ್ಕಿನ್ ವಿರುದ್ಧ 11–3. ಮೊದಲ ಸುತ್ತಿನಲ್ಲಿ ತನ್ನದೇ ನಾಡಿನ ಹಿರಿಯ ಆಟಗಾರ ಜಾಕಿ ರಿಯಾ ವಿರುದ್ಧ 19–11. ಕ್ವಾರ್ಟರ್ ಫೈನಲ್‌ನಲ್ಲಿ 1957ರಿಂದ 1968ರವರೆಗೆ ಚಾಂಪಿಯನ್ ಆಗಿದ್ದ ಜಾನ್ ಪುಲ್ಮನ್ ವಿರುದ್ಧ 31–23. ಸೆಮಿಫೈನಲ್‌ನಲ್ಲಿ ರೆಕ್ಸ್ ವಿಲಿಯಮ್ಸ್ ವಿರುದ್ಧ 31–30. ಅಂದರೆ ಅರವತ್ತು ಫ್ರೇಮ್ ಆಡಿದ ಮೇಲೂ ಇಬ್ಬರೂ ಸಮ, ಅರವತ್ತೊಂದನೆಯದರಲ್ಲಿ ತೀರ್ಮಾನ. ಆ ಒಂದು ಫ್ರೇಮ್ ಹೋಗಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಫೈನಲ್ 1972ರ ಫೆಬ್ರವರಿ 21ರಿಂದ 26ರವರೆಗೆ ಬರ್ಮಿಂಗ್‌ಹ್ಯಾಮ್‌ನ ಸೆಲ್ಲಿ ಪಾರ್ಕ್ ಬ್ರಿಟಿಷ್ ಲೀಜನ್ ಎಂಬ ಕ್ಲಬ್ಬಿನಲ್ಲಿ ನಡೆಯಿತು. ಎದುರಾಳಿ ಜಾನ್ ಸ್ಪೆನ್ಸರ್, ಆಗಲೇ ಎರಡು ಬಾರಿಯ ವಿಶ್ವ ಚಾಂಪಿಯನ್. ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಎಂದರೆ ನಾವು ದೊಡ್ಡ ಕ್ರೀಡಾಂಗಣ, ಹೊಳೆಯುವ ದೀಪ ಎಂದುಕೊಳ್ಳುತ್ತೇವೆ. ಅಲ್ಲಿ ಬಿಯರ್ ಕ್ರೇಟುಗಳ ಮೇಲೆ ಹಲಗೆ ಇಟ್ಟು ಪ್ರೇಕ್ಷಕರನ್ನು ಕೂರಿಸಿದ್ದರು. ಬ್ರಿಟನ್‌ನಲ್ಲಿ ಆಗ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರ ನಡೆಯುತ್ತಿತ್ತು. ಕಲ್ಲಿದ್ದಲಿಲ್ಲದೆ ವಿದ್ಯುತ್ ಕೇಂದ್ರಗಳು ಸೊರಗಿ ದೇಶದ ತುಂಬ ಕರೆಂಟ್ ಕಡಿತ. ನಮಗೆ ಪರೀಕ್ಷೆಯ ಹಿಂದಿನ ರಾತ್ರಿ ಆಗುವ ಹಾಗೆ, ಅವರಿಗೆ ಫೈನಲ್‌ನ ನಡುವೆಯೇ ದೀಪ ಹೋಯಿತು. ಒಂದು ಅವಧಿಯ ಆಟವನ್ನು ಜನರೇಟರ್‌ನ ಮಂದ ಬೆಳಕಿನಲ್ಲಿ ಆಡಿಸಿದರು.

ಆರು ದಿನ, 69 ಫ್ರೇಮ್. ಅಲೆಕ್ಸ್ 37–32ರಿಂದ ಗೆದ್ದ. ಆಗ ಅವನ ವಯಸ್ಸು 22 ವರ್ಷ 345 ದಿನ. ಅಲ್ಲಿಯವರೆಗಿನ ವಿಶ್ವ ಚಾಂಪಿಯನ್‌ಗಳಲ್ಲೇ ಅತ್ಯಂತ ಕಿರಿಯ. 1990ರಲ್ಲಿ ಸ್ಟೀಫನ್ ಹೆಂಡ್ರಿ 21ನೇ ವಯಸ್ಸಿನಲ್ಲಿ ಗೆಲ್ಲುವವರೆಗೂ ಈ ದಾಖಲೆ ಉಳಿಯಿತು. ಅರ್ಹತಾ ಸುತ್ತಿನಿಂದ ಬಂದು ಚಾಂಪಿಯನ್ ಆದ ಮೊದಲಿಗನೂ ಅವನೇ.

ಬಹುಮಾನ 480 ಪೌಂಡ್. ನಾನು ಎಲ್ಲ ಪಂದ್ಯಗಳ ಫ್ರೇಮುಗಳನ್ನು ಕೂಡಿಸಿದೆ: 21, 14, 30, 54, 61, 69. ಒಟ್ಟು 249 ಫ್ರೇಮ್. 480ನ್ನು 249ರಿಂದ ಭಾಗಿಸಿದರೆ ಒಂದು ಫ್ರೇಮಿಗೆ ಎರಡು ಪೌಂಡ್ ಕೂಡ ಬರುವುದಿಲ್ಲ. ಇದನ್ನು ಅಬ್ಬಾ ಅವರಿಗೆ ಹೇಳಿದೆ. ಅವರು ಸೂಜಿ ನಿಲ್ಲಿಸಿ, ಹನ್ನೊಂದರಿಂದ ಇಪ್ಪತ್ತೆರಡರವರೆಗೆ ಆ ಹುಡುಗ ಎಷ್ಟು ಆಡಿರಬಹುದು, ಅದನ್ನೂ ಕೂಡಿಸಿದೆಯಾ ಎಂದು ಕೇಳಿದರು. ಅದನ್ನು ಯಾರೂ ಬರೆದಿಟ್ಟಿಲ್ಲ ಎಂದೆ. ಬರೆದಿಡದ್ದೇ ಅಸಲು ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಜಗತ್ತು ಅವನನ್ನು ತೂಫಾನ್ ಎಂದಿತು, ಎಲ್ಲಿಂದಲೋ ಇದ್ದಕ್ಕಿದ್ದಂತೆ ಬೀಸಿ ಬಂದವನ ಹಾಗೆ. ನಿಜದಲ್ಲಿ ಅವನು ಹನ್ನೊಂದು ವರ್ಷ ನಡೆದು ಬಂದಿದ್ದ. ಜ್ಯಾಮ್‌ಪಾಟ್‌ನ ಸೋಲುಗಳು, ಕುದುರೆ ಲಾಯ, ಕೆಡವುವ ಮನೆಗಳು, ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದಾಟ, ಇವೆಲ್ಲ ಸೇರಿ ಆ ವೇಗ. ನಾನು ವೇಗವನ್ನು ಮಾತ್ರ ನೋಡಿದ್ದೆ. ನನ್ನ ಹದಿಮೂರು ಮಧ್ಯಾಹ್ನಗಳನ್ನು ಅವನ ಹನ್ನೊಂದು ವರ್ಷಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದೆ.

ಇಲ್ಲಿಗೇ ನಿಲ್ಲಿಸಿದರೆ ಲೇಖನ ಸಿಹಿಯಾಗಿ ಮುಗಿಯುತ್ತದೆ. ಆದರೆ ಜಮಾ ಬರೆದವನು ಖರ್ಚನ್ನೂ ಬರೆಯಬೇಕು. ಕಿರಿಯ ಚಾಂಪಿಯನ್ ಆದ ಮೇಲೆ ಪತ್ರಿಕೆಗಳು, ಟಿವಿ ಅವನ ಹಿಂದೆ ಬಿದ್ದವು. ಅವನಿಂದಾಗಿ ಯುವಕರು ಈ ಆಟ ನೋಡಲು ಬಂದರು, ಹಣವೂ ಬಂತು. ಜೊತೆಗೆ ಕುಡಿತ, ಜೂಜು, ಜಗಳ. ಎರಡನೇ ವಿಶ್ವ ಪಟ್ಟಕ್ಕೆ ಅವನು ಹತ್ತು ವರ್ಷ ಕಾಯಬೇಕಾಯಿತು. 1976ರ ಫೈನಲ್‌ನಲ್ಲಿ ರೇ ರಿಯರ್ಡನ್ ಎದುರು, 1980ರ ಫೈನಲ್‌ನಲ್ಲಿ ಕೆನಡಾದ ಕ್ಲಿಫ್ ಥಾರ್ಬರ್ನ್ ಎದುರು ಸೋತ.

1982ರ ಸೆಮಿಫೈನಲ್‌ನಲ್ಲಿ ಯುವ ಆಟಗಾರ ಜಿಮ್ಮಿ ವೈಟ್ ವಿರುದ್ಧ 14–15ರಿಂದ ಹಿಂದಿದ್ದ. ಆ ಫ್ರೇಮಿನಲ್ಲೂ 59 ಅಂಕ ಹಿಂದೆ. ಆಗ ಒಂದರ ಹಿಂದೊಂದು ಕಷ್ಟದ ಚೆಂಡು ಹಾಕುತ್ತಾ 69ರ ಬ್ರೇಕ್ ಮಾಡಿ ಫ್ರೇಮ್ ಉಳಿಸಿಕೊಂಡ, ಮುಂದಿನ ಫ್ರೇಮನ್ನೂ ಗೆದ್ದ. ನಾನು ನೂರು ಸಲ ನೋಡಿದ ವಿಡಿಯೋ ಅದೇ. ಫೈನಲ್‌ನಲ್ಲಿ ರಿಯರ್ಡನ್ ಅವರನ್ನು 18–15ರಿಂದ ಸೋಲಿಸಿದಾಗ ಅವನು ಅಳುತ್ತಾ ತನ್ನ ಪುಟ್ಟ ಮಗಳನ್ನು ಹತ್ತಿರ ಕರೆದ. ಆ ವರ್ಷದ ಬಹುಮಾನ 25,000 ಪೌಂಡ್. ಹತ್ತು ವರ್ಷದಲ್ಲಿ 480ರಿಂದ 25,000ಕ್ಕೆ ಆಟ ಬೆಳೆದದ್ದರಲ್ಲಿ ಅವನ ಪಾಲು ದೊಡ್ಡದು.

ಆಮೇಲಿನದು ಇಳಿಜಾರು. 1986ರಲ್ಲಿ ಪಂದ್ಯಾವಳಿಯ ಅಧಿಕಾರಿಯೊಬ್ಬರಿಗೆ ತಲೆಯಿಂದ ಗುದ್ದಿ 12,000 ಪೌಂಡ್ ದಂಡ, ಐದು ಪಂದ್ಯಾವಳಿಗಳಿಂದ ನಿಷೇಧ. 1990ರಲ್ಲಿ ತನ್ನದೇ ತಂಡದ ಡೆನಿಸ್ ಟೇಲರ್‌ಗೆ ಬೆದರಿಕೆ, ಮತ್ತೊಬ್ಬ ಅಧಿಕಾರಿಗೆ ಹೊಡೆತ, ಮತ್ತೆ ದೀರ್ಘ ನಿಷೇಧ. ಗಳಿಸಿದ ಹಣವೆಲ್ಲ ಹೋಯಿತು. ವಿಪರೀತ ಧೂಮಪಾನಿಯಾಗಿದ್ದ ಅವನಿಗೆ ಗಂಟಲಿನ ಕ್ಯಾನ್ಸರ್ ಬಂತು. ಚಿಕಿತ್ಸೆಯ ನಂತರ ಹಲ್ಲುಗಳು ಹೋಗಿ ಊಟ ಮಾಡುವುದೇ ಕಷ್ಟವಾಯಿತು. 2010ರ ಜುಲೈ 24ರಂದು, 61ನೇ ವಯಸ್ಸಿನಲ್ಲಿ, ಬೆಲ್‌ಫಾಸ್ಟ್‌ನಲ್ಲಿ ತಾನು ಬೆಳೆದ ಬೀದಿಗಳ ಹತ್ತಿರದ ಒಂದು ಸಣ್ಣ ಫ್ಲ್ಯಾಟ್‌ನಲ್ಲಿ ಒಬ್ಬನೇ ಸತ್ತಿದ್ದ. ಕೊನೆಗಾಲದಲ್ಲಿ ಅವನ ತೂಕ 40 ಕಿಲೋಗೂ ಕಡಿಮೆ ಇತ್ತು ಎಂದು ವರದಿಗಳು ಹೇಳುತ್ತವೆ. ಜಾಕಿಯಾಗಲು ಹೊರಟಿದ್ದ ಹದಿನಾಲ್ಕರ ಹುಡುಗನ ತೂಕಕ್ಕಿಂತ ಕಡಿಮೆ. ಈ ಸಾಲು ಬರೆಯುವಾಗ ನನ್ನ ಕೈ ನಿಂತಿತು.

ಅವನಿಗೆ ಯಾರಾದರೂ ಉಸ್ತಾದ್ ಇದ್ದಿದ್ದರೆ ಏನಾಗುತ್ತಿತ್ತು ಎಂದು ಅಮ್ಮಿ ಕೇಳಿದರು. ಉತ್ತರ ನನಗೆ ಗೊತ್ತಿಲ್ಲ. ಆದರೆ ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಅವರ ನೆನಪಾಯಿತು. ಅವರು ಚಿಕ್ಕಂದಿನಲ್ಲಿ ಅಣ್ಣನ ಹಿಂದೆ ಸ್ನೂಕರ್ ನೋಡಲು ಹೋದವರು. ಅರವಿಂದ್ ಸವೂರ್ ಅವರ ಬಳಿ ಶಿಸ್ತಾಗಿ ಕಲಿತು 2003ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್ ಆದರು, ಓದನ್ನೂ ಬಿಡಲಿಲ್ಲ. ಮೇಜು ಒಂದೇ, ಚೆಂಡುಗಳೂ ಅವೇ. ಮೇಜಿನ ಪಕ್ಕ ಯಾರು ನಿಂತಿದ್ದಾರೆ ಎಂಬುದು ಬೇರೆ.

ಹಿಗ್ಗಿನ್ಸ್ ನನ್ನ ಪಾಲಿಗೆ ಈಗಲೂ ದೊಡ್ಡ ಆಟಗಾರನೇ. ಮೇಜಿನ ಮೇಲೆ ಅವನಷ್ಟು ಬೇಗ ಮುಂದಿನ ಹೊಡೆತ ಕಂಡವರು ಕಡಿಮೆ. ಮೇಜಿನಿಂದ ಈಚೆ ಬಂದಾಗ ಮಾತ್ರ ಅವನು ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆ ಎಂದು ನೋಡದೆ ಹೊಡೆದ. ನಾನು ಹದಿಮೂರು ದಿನ ಅದನ್ನೇ ಮಾಡಿದ್ದೆ.

ಈಗ ಪ್ರತಿ ಭಾನುವಾರ ಅಂಗಡಿಯಲ್ಲಿ ಹತ್ತಿ ತುಂಬಿ, ಗಾದಿಗಳನ್ನು ಗಿರಾಕಿಗಳ ಮನೆಗೆ ತಲುಪಿಸುತ್ತೇನೆ. ಅಬ್ಬಾ ಉದ್ರಿ ಪುಸ್ತಕದಲ್ಲಿ ನನ್ನ ಹೆಸರಿಗೂ ಒಂದು ಪುಟ ತೆರೆದಿದ್ದಾರೆ. ಭಾನುವಾರಕ್ಕೆ ನೂರು ರೂಪಾಯಿ ಜಮಾ. ಒಂಬತ್ತು ಭಾನುವಾರ ಮುಗಿದಿವೆ, ಬಾಕಿ 660 ರೂಪಾಯಿ. ಲೆಕ್ಕ ತೀರಿ ಪರೀಕ್ಷೆಯೂ ಮುಗಿದ ಮೇಲೆ ಆಡಬಹುದು, ಆದರೆ ಮೊದಲ ದಿನ ತಾವೂ ಬಂದು ನೋಡುವುದಾಗಿ ಅಬ್ಬಾ ಹೇಳಿದ್ದಾರೆ. ಅವರ ಮುಂದೆ ಸೋಲುವುದು ಖಚಿತ. ಟೇಬಲ್ ಬಾಡಿಗೆಯ 120 ರೂಪಾಯಿಯನ್ನು ಈ ಸಲ ನನ್ನ ದುಡಿಮೆಯಿಂದಲೇ ಎತ್ತಿಡಬೇಕು.